ತಬ್ಬಲಿಯಲ್ಲದ ಮರಿ

ಮಂಗಳವಾರ, ಬೆಳಿಗ್ಗೆ ಒಂಬತ್ತು

ನನ್ನಮ್ಮನಿಗೆ,

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ಆಗಲೇ ನಾವು ಮಾತಾಡುವಾಗ ಫೋನು ತಾನಾಗಿ ಕಟ್ಟಾಗಲಿಲ್ಲ, ನಾನೇ ಕಟ್ ಮಾಡಿದೆ. ಈ ಪತ್ರ ತರುವವರು ನಮ್ಮ ಪ್ರಾಣಿಸಂಗ್ರಹಾಲಯದಲ್ಲಿ ಬೆಕ್ಕುಗಳನ್ನು ನೋಡಿಕೊಳ್ಳುವ ಹಿರಿಯರು. ನಿನಗೆ ಸಿಕ್ಕ ಮರಿಯನ್ನು ಅವರಿಗೆ ಕೊಟ್ಟುಬಿಡು. ಅವರು ವ್ಯಾನಿಗೆ ಡೀಸೆಲ್ ಹಾಕಿಸಿಕೊಂಡು ಬರುವಷ್ಟರಲ್ಲಿ ಇದನ್ನು ಮುಗಿಸಬೇಕು.

ನೀನು ಕಳಿಸಿದ ಫೋಟೊವನ್ನು ದೊಡ್ಡದು ಮಾಡಿ ನೋಡಿದೆ. ನಿನ್ನೆ ಸಂಜೆ ನಿನ್ನ ಗಿಡದ ನರ್ಸರಿಯ ಪಂಪ್ ಶೆಡ್ಡಿನ ಹಿಂದೆ, ಜೊಂಡಿನಲ್ಲಿ ಸಿಕ್ಕಿದ್ದು ಮನೆಬೆಕ್ಕಿನ ಮರಿಯಲ್ಲ. ಬೂದುಗಂದು ಮೈ, ಸಾಲುಸಾಲು ಕಪ್ಪು ಚುಕ್ಕೆ, ಮೋಟು ಬಾಲ. ಮುಂಗಾಲಿನ ಬೆರಳುಗಳನ್ನು ಬಿಡಿಸಿ ನೋಡು, ನಡುವೆ ತೆಳುವಾದ ಚರ್ಮವಿದೆ. ಅದು ಮೀನುಬೆಕ್ಕು. ಬೆಳೆದರೆ ಮನೆಬೆಕ್ಕಿನ ಎರಡರಷ್ಟಾಗುತ್ತದೆ, ನೀರಿಗೆ ತಲೆ ಮುಳುಗಿಸಿ ಮೀನು ಹಿಡಿಯುತ್ತದೆ. “ಬಕೆಟ್ಟಿಗೆ ಕೈ ಅದ್ದಿ ಅದ್ದಿ ಆಡುತ್ತೆ, ಥೇಟ್ ನಿನ್ನ ಹಾಗೇ ಕಳ್ಳಿ” ಎಂದು ನಕ್ಕೆಯಲ್ಲ, ಅದು ಆಟವಲ್ಲ ಅಮ್ಮ.

ಆದರೆ ನಾನು ಫೋನು ಕಟ್ ಮಾಡಿದ್ದು ಆಮೇಲಿನ ನಿನ್ನ ಮಾತಿಗೆ. “ನಿನ್ನ ಬೋರ್ಡು ಓದಿದ್ದಕ್ಕೇ ಕಣೇ ಎತ್ಕೊಂಡು ಬಂದೆ. ಇಲ್ಲಾಂದ್ರೆ ನಮಗ್ಯಾಕೆ ಅಂತ ಸುಮ್ನಿರ್ತಿದ್ದೆ” ಎಂದೆ.

ಅಮ್ಮ, ನೀನು ಇಲ್ಲಿಗೆ ಬಂದಾಗ ಮೀನುಬೆಕ್ಕಿನ ಪಂಜರದ ಮುಂದೆ ಓದಿದ, ನಾನು ಬರೆದ ಆ ಬೋರ್ಡು ಸುಳ್ಳು. ಹಿರಿಯರು ಹೇಳಿ ಬರೆಸಿದ್ದೇ ಬೇರೆ: ತಾಯಿ ಬೇಟೆಗೆ ಹೋಗುವಾಗ ಮರಿಯನ್ನು ಜೊಂಡಿನಲ್ಲಿ ಅಡಗಿಸಿಡುತ್ತದೆ, ಎಷ್ಟು ಹೊತ್ತಾದರೂ ಬಂದೇ ಬರುತ್ತದೆ, ಯಾರೂ ಮುಟ್ಟಬೇಡಿ. ಬೋರ್ಡಿನಲ್ಲಿ ಜಾಗ ಕಡಿಮೆ ಇತ್ತು. ಆ ಸಾಲು ನನಗೆ ಸಪ್ಪೆ ಎನ್ನಿಸಿತು. ಅದನ್ನು ತೆಗೆದು, ‘ಜೊಂಡಿನ ನಡುವೆ ಒಂಟಿ ತಬ್ಬಲಿ, ಯಾರ ದಾರಿ ಕಾಯುತ್ತಿದೆ?’ ಎಂದು ಹಾಕಿದೆ. ಎಲ್ಲರೂ ಹೊಗಳಿದರು. ಈ ಕೆಲಸಕ್ಕೆ ಸೇರಿದ ಮೇಲೆ ಮೊದಲ ಸಲ ಯಾರೋ ಇದನ್ನು ಬರೆದವರು ಯಾರು ಎಂದು ಕೇಳಿದರು.

ಅದರ ತಾಯಿ ಇಷ್ಟು ಹೊತ್ತಿಗೆ ಆ ಶೆಡ್ಡನ್ನು ಎಷ್ಟು ಸಲ ಸುತ್ತಿತೋ. ನೀನು ಸೋಪು ಹಚ್ಚಿ ಸ್ನಾನ ಮಾಡಿಸಿದ್ದನ್ನು ಕೇಳಿ ಹಿರಿಯರು, ತಾಯಿ ಗುರುತಿಸುವ ಮೈವಾಸನೆಯೇ ಹೋಯಿತೆಂದು ಹಣೆ ಚಚ್ಚಿಕೊಂಡರು. “ಆದ್ರೂ ಸಂಜೆಯೊಳಗೆ ಅದೇ ಜಾಗದಲ್ಲಿ ಇಟ್ಟು ನೋಡೋಣ. ತಾಯಿ ಒಪ್ಕೊಂಡ್ರೆ ಒಪ್ಕೊಳ್ತು, ಇಲ್ಲಾಂದ್ರೆ ಪಾಪ, ಸಾಯೋ ತನಕ ಪಂಜರನೇ” ಎಂದರು. ಹಾಲು ಕುಡಿಸಬೇಡ. ಮುದ್ದು ಮಾಡಬೇಡ. ಕೊಡುವಾಗ ಅಳು ಬಂದರೆ ಅತ್ತುಬಿಡು.

ನಾನೇ ಬರಬೇಕಿತ್ತು. ಇಲ್ಲಿ ಕೈತುಂಬಾ ಕೆಲಸ ಇದೆ.

ನಿನ್ನ
ಪುಟ್ಟಿ

ಮರೆತಿದ್ದು: ಕೆಲಸ ಏನೂ ಇಲ್ಲ. ವ್ಯಾನಿನಲ್ಲಿ ಎರಡು ಗಂಟೆ ಅವರ ಪಕ್ಕ ಕೂರುವ ಧೈರ್ಯವಿಲ್ಲ. ಮುಟ್ಟಬೇಡಿ ಎಂಬ ಸಾಲು ಬೋರ್ಡಿನಲ್ಲಿ ಯಾಕಿಲ್ಲ ಎಂದು ಈ ಬೆಳಿಗ್ಗೆ ಅವರು ಕೇಳಿದಾಗ, ಪ್ರೆಸ್ಸಿನವರು ಬಿಟ್ಟುಬಿಟ್ಟರು ಎಂದೆ. ನಂಬಿದರು. “ಅದಕ್ಕೆ ನೀನ್ಯಾಕಮ್ಮ ಅಳ್ತೀಯ, ನಿಂದೇನು ತಪ್ಪು?” ಎಂದು ತಾವೇ ಹೋಗಿ ಟೀ ತಂದುಕೊಟ್ಟರು. ಈಗ ಗೇಟಿನ ಹತ್ತಿರ ಹಾರ್ನ್ ಹೊಡೆಯುತ್ತಿದ್ದಾರೆ. ಲಕೋಟೆಗೆ ಅಂಟು ಹಚ್ಚಿಲ್ಲ. ಅದರ ಮೇಲೆ ನಿನ್ನ ಹೆಸರಿನ ಕೆಳಗೆ ಅವರ ಹೆಸರನ್ನೂ ಬರೆದಿದ್ದೇನೆ.