ಒಂದು ಮನೆಗೆ ಒಂದೇ ಇಮೇಲ್

ಪ್ರೀತಿಯ ಶ್ರೀಧರ್,

ಚಾಮರಾಜಪೇಟೆಯಿಂದ ಮಲ್ಲೇಶ್ವರಕ್ಕೆ ಈ ಕಾಲದಲ್ಲಿ ಕಾಗದ ಬರೆಯುವವಳು ನಾನೊಬ್ಬಳೇ ಇರಬೇಕು. ನಗಬೇಡ. ಭಾನುವಾರದಿಂದ ನನಗೆ ಫೋನು, ಮೇಲು ಯಾವುದರ ಮೇಲೂ ನಂಬಿಕೆಯಿಲ್ಲ. ಜಾತಿಯ ಮಾತು ಬಂದರೆ ಮನೆಯವರು ಹೇಗೆ ತಿರುಗಿಬೀಳುತ್ತಾರೋ ಎಂದು ಮುಂದೂಡುತ್ತಲೇ ಇದ್ದೆನಲ್ಲ, ನಮ್ಮ ವಿಷಯ ಹೇಳಿಬಿಟ್ಟೆ. ಧೈರ್ಯದಿಂದಲ್ಲ ಕಣೋ, ಹೆದರಿಕೊಂಡು.

ನಮ್ಮಪ್ಪ ದೊಡ್ಡಬೈರಪ್ಪನವರ ಪದ್ಧತಿ ನಿನಗೆ ಗೊತ್ತಿಲ್ಲ. ಮನೆಗೆಲ್ಲ ಒಂದೇ ಇಮೇಲ್, ಎಲ್ಲ ಕಡೆಯೂ ಒಂದೇ ಪಾಸ್‌ವರ್ಡ್. ಸೀರೆ ಅಂಗಡಿ, ಛತ್ರ, ಲಕ್ಕಿ ಡ್ರಾ ಡಬ್ಬಿ, ಕೇಳಿದವರಿಗೆಲ್ಲ ವಿಳಾಸ ಕೊಡುತ್ತಾರೆ. ಭಾನುವಾರ ತಿಂಡಿಯ ಹೊತ್ತಿಗೆ ನಾನು ಬಂದ ಮೇಲ್‌ಗಳನ್ನು ಎಲ್ಲರ ಮುಂದೆ ಗಟ್ಟಿಯಾಗಿ ಕನ್ನಡದಲ್ಲಿ ಓದಿ ಹೇಳಬೇಕು. ಒಂದನ್ನೂ ಬಿಡುವ ಹಾಗಿಲ್ಲ.

ಮೊನ್ನೆ ಭಾನುವಾರ ಕರೆಂಟ್ ಬಿಲ್ ಓದಿ ಆದ ಮೇಲೆ ಇದು ಬಂತು: "ನಿನ್ನ ಗುಟ್ಟು ನನಗೆ ಗೊತ್ತು. ನಿನ್ನ ಕ್ಯಾಮೆರಾದಿಂದಲೇ ವಿಡಿಯೋ ಮಾಡಿದ್ದೇನೆ. ಬಿಟ್‌ಕಾಯಿನ್ ಕಳಿಸು. ಇಲ್ಲದಿದ್ದರೆ ನಿನ್ನ ನೆಂಟರಿಷ್ಟರಿಗೆಲ್ಲ ತೋರಿಸುತ್ತೇನೆ." ಕೆಳಗೆ ನಮ್ಮ ಪಾಸ್‌ವರ್ಡ್ ಕೂಡ ಇತ್ತು. ಮಹಡಿ ಮೇಲೆ ಕೂತು ನಿನಗೆ ವಿಡಿಯೋ ಕಾಲ್ ಮಾಡುತ್ತೇನಲ್ಲ, ಅದೇ ಅಂದುಕೊಂಡೆ.

ನಮ್ಮ ವಿಷಯ ನಾನು ಬಾಯಿಬಿಡುವ ಮೊದಲೇ ಲಕ್ಕಮ್ಮಜ್ಜಿ ದೋಸೆ ಬಿಟ್ಟು ಕಣ್ಣೊರೆಸಿಕೊಂಡರು. "ಶನಿವಾರ ಉಪವಾಸ ಅಂತ ಹೇಳಿ ಖಾರಾ ಬನ್ ತಿಂತೀನಿ ಕಣಪ್ಪಾ. ನೆಂಟರಿಗೆ ತೋರಿಸ್ಬೇಡ ಅಂತ ಹೇಳು ಅವನಿಗೆ." ಅಮ್ಮ ಅಡುಗೆಮನೆಯಿಂದಲೇ, "ಯುಗಾದಿ ಹೋಳಿಗೆ ನಾನು ಮಾಡಿದ್ದಲ್ಲ, ಅಂಗಡೀದು," ಅಂದರು. ಆ ಹೋಳಿಗೆಯನ್ನು ಅಪ್ಪ ಬೀದಿಯವರ ಮುಂದೆಲ್ಲ ಹೊಗಳಿದ್ದರು, ಪಾಪ. ಇನ್ನು ಉಳಿದವಳು ನಾನು. ಕಣ್ಣು ಮುಚ್ಚಿಕೊಂಡು ಹೇಳಿಬಿಟ್ಟೆ: ನಿನ್ನ ಹೆಸರು, ನಿನ್ನ ಜಾತಿ, ಮದುವೆಯಾದರೆ ನಿನ್ನನ್ನೇ ಎಂಬುದು.

ಅಷ್ಟು ಹೊತ್ತಿಗೆ ಅಣ್ಣ ಗೌರೀಶ ಸ್ನಾನ ಮುಗಿಸಿ ಬಂದ. ಮೇಲ್ ನೋಡಿ ಬಿದ್ದು ಬಿದ್ದು ನಕ್ಕ. "ಯಾವ್ದೋ ವೆಬ್‌ಸೈಟಿಂದ ನಮ್ ವಿಳಾಸ ಸೋರಿದೆ ಅಷ್ಟೆ. ಲಕ್ಷ ಜನಕ್ಕೆ ಇದನ್ನೇ ಕಳಿಸ್ತಾರೆ. ಅವನ ಹತ್ರ ವಿಡಿಯೋನೂ ಇಲ್ಲ, ಮಣ್ಣೂ ಇಲ್ಲ. ಪಾಸ್‌ವರ್ಡ್ ಬದಲಾಯಿಸಿದ್ರೆ ಮುಗೀತು."

ಅಜ್ಜಿಗೆ ರೇಗಿಹೋಯಿತು. "ಹಂಗಾದ್ರೆ ನಾನು ಹೇಳಿದ್ದು ಸುಳ್ಳು," ಅಂದುಬಿಟ್ಟರು. ಅಮ್ಮನೂ ಹೋಳಿಗೆ ತಮ್ಮದೇ ಎಂದು ಸಾಧಿಸತೊಡಗಿದರು. ಅಪ್ಪ ಮಾತ್ರ ನನ್ನನ್ನೇ ನೋಡುತ್ತಿದ್ದರು. "ನೀನೂ ವಾಪಸ್ ತಗೋತೀಯೇನಮ್ಮಾ?" ಅಂದರು. ತೆಗೆದುಕೊಂಡಿದ್ದರೆ ಎಲ್ಲರೂ ನಕ್ಕು ಕಾಫಿ ಕುಡಿಯುತ್ತಿದ್ದರು ಶ್ರೀಧರ್. "ಇಲ್ಲಪ್ಪಾ," ಅಂದೆ.

ಆಮೇಲೆ ಅಪ್ಪ ನನ್ನೊಡನೆ ಮಾತು ಬಿಟ್ಟರು. ಇವತ್ತು ಬೆಳಿಗ್ಗೆ ಪೇಪರಿನಿಂದ ಮುಖ ಎತ್ತದೆ, "ಕಳ್ಳನಿಗೆ ಗೊತ್ತಾಯ್ತು ಅಂದ್ಕೊಂಡ್ಮೇಲೆ ನಂಗೆ ಹೇಳ್ದೆ. ಅದೇ ಸಂಕಟ ನಂಗೆ," ಅಂದರು. ನನಗೆ ಅಳು ತಡೆಯಲಾಗಲಿಲ್ಲ. ಆಗ ಅಪ್ಪನೇ, "ಬರೋ ಭಾನುವಾರ ಆ ಹುಡುಗನಿಗೆ ಅವರ ಅಪ್ಪ ಅಮ್ಮನ್ನೂ ಕರ್ಕೊಂಡು ತಿಂಡಿಗೆ ಬರೋಕೆ ಹೇಳು. ಒಪ್ಪಿದೀನಿ ಅಂತಲ್ಲ. ನೋಡ್ಬೇಕು," ಅಂದರು. ಮತ್ತೆ ಅಡುಗೆಮನೆಯ ಕಡೆ ತಿರುಗಿ ಅಮ್ಮನಿಗೆ, "ಶಿವಕುಮಾರಿ, ಎಲ್ರಿಗೂ ನಮ್ ತಟ್ಟೆ ಲೋಟನೇ ಇಡು. ಪೇಪರ್ ಪ್ಲೇಟ್ ತರಿಸೋ ಬುದ್ಧಿ ಬೇಡ," ಅಂದರು.

ನಿಮ್ಮ ಜಾತಿಯವರಿಗೆಂದು ಬೇರೆ ತಟ್ಟೆ ಬೇಡ ಎಂಬುದನ್ನು ನಮ್ಮ ಮನೆಯಲ್ಲಿ ಬಾಯಿಬಿಟ್ಟು ಹೇಳಬೇಕಾಯಿತಲ್ಲ ಎಂದು ನನಗೆ ನಾಚಿಕೆಯಾಯಿತು. ಹೇಳಿದರಲ್ಲ ಎಂದು ಸಮಾಧಾನವೂ ಆಯಿತು. ನಿಮ್ಮ ತಂದೆ ಶ್ರೀನಿವಾಸಯ್ಯನವರಿಗೂ ಅಮ್ಮನಿಗೂ ಎಲ್ಲವನ್ನೂ ಹೇಳಿಯೇ ಕರೆ. ಬರಲೇಬೇಕೆಂದು ಒತ್ತಾಯಿಸುವ ಹಕ್ಕು ನನಗಿಲ್ಲ. ಬಂದರೆ ಮಾತ್ರ, ಯಾರು ಏನೇ ಅಂದುಕೊಳ್ಳಲಿ, ನಿನ್ನ ಪಕ್ಕ ಕೂತು ತಿನ್ನುವವಳು ನಾನು.

ನಿಮ್ಮೆಲ್ಲರಿಗೂ ಒಳ್ಳೆಯದಾಗಲಿ.

ನಿನ್ನ
ಬಿಂದು