ಸಪ್ಪಳಿಲ್ಲದ ಬೂಟು

ಕಮರಿಪೇಟೆ, ಹುಬ್ಬಳ್ಳಿ
ತಾ. ೧೮-೩-೧೯೩೮

ಪ್ರೀತಿಯ ದೋಸ್ತ ಬೀರಲಿಂಗಪ್ಪಗ ಕಮರುದ್ದೀನನ ಸಲಾಂ.

ಉಪ್ಪಿನಬೆಟಗೇರಿಯೊಳಗ ನೀವೆಲ್ಲಾ ಆರಾಮ ಇದ್ದೀರಂತ ತಿಳಕೊಂಡೇನಿ. ನಿನ್ನ ಎರಡೂ ಕಾಗದ ಮುಟ್ಟಿದುವು. ಉತ್ತರ ಬರಿಯಾಕ ಕೂತಾಗೆಲ್ಲಾ ಕೈ ಹಿಂದ ಸರೀತಿತ್ತು. ತಡಾ ಆತಂತ ಸಿಟ್ಟಾಗಬ್ಯಾಡ. ಲಕ್ಕಪ್ಪ ಕಾಕಾನ ಕೈ ಹೆಂಗ ಸುಟ್ಟುವಂತ ಕೇಳಿದ್ದಿ. ನಿನಗ ಅಂವ ಸ್ವಂತ ಕಾಕಾ. ನನ್ನನ್ನ ಈ ಹತ್ತಿ ಅರಳಿ ಗಿರಣಿಗೆ ಹಚ್ಚಿದಾವನೂ ಅವನ. ನಿನಗ ಹೇಳದ ಇನ್ಯಾರಿಗೆ ಹೇಳಲಿ?

ದೀಪಾವಳಿ ಆದಮ್ಯಾಲ ನಮಗ ಹೊಸಾ ಮ್ಯಾನೇಜರ ಸಾಹೇಬರು ಬಂದಾರ. ಮಷೀನಿನ ಕೆಲಸ ಅವರಿಗೆ ತಿಳಿಯೋದಿಲ್ಲ. ಬಯ್ಯೋದಿಲ್ಲ, ಹೊಡಿಯೋದಿಲ್ಲ. ಬೈದಿದ್ದರ ಛಲೋ ಇತ್ತು. ರಬ್ಬರ ತಳದ ಬೂಟು ಹಾಕ್ಕೋತಾರ, ಬಂದದ್ದ ಗೊತ್ತಾಗೂದಿಲ್ಲ. ಬೆನ್ನ ಹಿಂದ ನಿಂತು ಸಣ್ಣ ಪುಸ್ತಕದಾಗ ಏನೋ ಬರಕೊಂಡು ಹೋಗತಾರ. ಶನಿವಾರ ಒಬ್ಬೊಬ್ಬರನ್ನ ಒಳಗ ಕರೀತಾರ. ನಮ್ಮ ಗಂಗಪ್ಪ ಪಟ್ಟಾ ಹರದೈತಂತ ಹತ್ತು ಮಿನಿಟು ಮಷೀನು ನಿಲ್ಲಿಸಿದ್ದ. "ನಿಲ್ಲಿಸು ಅಂದವರು ಯಾರು?" ಅಂತ ಇಷ್ಟ ಕೇಳಿ, ಮಧ್ಯಾಹ್ನದೊಳಗ ಹೊರಗ ಹಾಕಿದರು.

ಆವತ್ತಿಂದ ಗಿರಣಿಯೊಳಗ ಮಾತು ನಿಂತೈತಿ. ಕೆಲಸ ಮಾಡಕೋತ ಹಾಡತಿದ್ದ ಕಾಕಾನೂ ಬಾಯಿ ಮುಚ್ಚಿದ. ಎಲ್ಲಾರೂ ಹೊಳ್ಳಿ ಹೊಳ್ಳಿ ಹಿಂದಕ್ಕ ನೋಡೋದ. ಮನ್ಯಾಗ ನಮ್ಮಾಕಿ ರಸೂಲಬಿ ಹಿಂದಿನಿಂದ ಬಂದು ಚಹಾ ಇಟ್ಟರ ಬೆಚ್ಚಿ ಎದ್ದು ನಿಲ್ಲತೇನಿ. "ಇದು ನಿಮ್ಮ ಮನಿರಿ, ಕುಂದರ್ರಿ," ಅಂತಾಳ ಪಾಪ.

ಹೋದ ತಿಂಗಳ ಇಪ್ಪತ್ತೆರಡಕ್ಕ ಕಾಕಾನ ಮಷೀನಿನ ಬೇರಿಂಗ ಕಾಯ್ದು ಕರಕ ವಾಸನಿ ಬಂತು. ನಿಲ್ಲಿಸಾಕ ಅಂವ ಕೈ ಎತ್ತಿದ. ಹಿಂದಕ್ಕ ನೋಡಿದರ ಸಾಹೇಬರು ನಿಂತಿದ್ದರು. ಕೈ ಇಳಿಸಿಬಿಟ್ಟ. ನೋಡನೋಡೂದರಾಗ ಅರಳಿಗೆ ಬೆಂಕಿ ಹತ್ತಿತು. ಉರಿಯೋ ಅರಳಿ ಜಗ್ಗಿ ಹೊರಗ ಒಗಿಯಾಕ ಹೋಗಿ ಕಾಕಾನ ಎರಡೂ ಕೈ ಮೊಣಕೈತನಾ ಸುಟ್ಟುವು.

ಬೆಂಕಿ ಆರಿಸಿದ ಮ್ಯಾಲ ಸಾಹೇಬರು ಕೇಳಿದ್ದು ಒಂದ ಮಾತು: "ಮಷೀನು ಯಾಕ ನಿಲ್ಲಿಸಲಿಲ್ಲ?"

ಕಾಕಾ ಸುಟ್ಟ ಕೈ ಮುಂದ ಹಿಡಕೊಂಡು, "ನಿಮ್ಮ ಅಂಜಿಕಿಗೆರಿ," ಅಂದ.

ಅದನ್ನೂ ಬರಕೊಂಡರು.

ಕಾಕಾ ಇನ್ನೂ ದವಾಖಾನ್ಯಾಗ ಅದಾನ. ಜೀವಕ್ಕ ಧೋಕಾ ಇಲ್ಲಂತ ಡಾಕ್ಟರು ಹೇಳ್ಯಾರ. ಆದರ ಬೆರಳು ಮಡಚಾಕ ಬರವೊಲ್ಲವು, ನಿನ್ನ ಚಿಗವ್ವ ದುರಗವ್ವ ತುತ್ತು ಮಾಡಿ ಉಣಿಸ್ತಾಳ. ನೌಕರಿ ಹೋತು. ನಾವು ಉಳದವರು ತಲಿ ಬಗ್ಗಿಸಿ ಹೋಗತೇವಿ, ಬರತೇವಿ. ನಾಳೆ ಶನಿವಾರ. ಯಾರನ್ನ ಕರೀತಾರೋ ಏನೋ.

ನೀ ಲಗೂ ಬಂದು ಕಾಕಾನ ಮಾರಿ ನೋಡಿ ಹೋಗು. ನಿನ್ನ ಮಕ್ಕಳಿಗೆ ನನ್ನ ದುವಾ. ಅಲ್ಲಾ ನಿಮ್ಮ ಮನಿ ತಂಪಾಗಿ ಇಟ್ಟಿರಲಿ.

ನಿನ್ನ
ಕಮರುದ್ದೀನ

ತಾ. ಕ.: ಕಾಗದ ಮಡಚಿದಾವ ಮತ್ತ ಬಿಚ್ಚೇನಿ. ಆ ವಾಸನಿ ಕಾಕಾಗಿಂತ ಮೊದಲ ನನಗ ಬಂದಿತ್ತು ಬೀರಲಿಂಗಪ್ಪಾ. ನನ್ನ ಮಷೀನು ಬಾಜೂಕ ಐತಿ. ಒದರಿ ಹೇಳಾಕ ಬಾಯಿ ತೆರೆದೆ. ಸಾಹೇಬರು ನನ್ನ ಕಡೆ ಹೊಳ್ಳಿದರು. ಬಾಯಿ ಮುಚ್ಚಿದೆ. ನಿನ್ನೆ ಕಾಕಾ ಕೇಳಿದ, "ಕಮರೂ, ನಿನಗೂ ವಾಸನಿ ಬಂದಿತ್ತೇನೋ?" "ಇಲ್ಲ ಕಾಕಾ," ಅಂದೆ. "ಛಲೋ ಆತು ಬಿಡು. ಗೊತ್ತಾಗಿದ್ದರ ನೀನೂ ನನ್ನ ಸಂಗತೀಲೆ ಬೆಂಕ್ಯಾಗ ಕೈ ಹಾಕತಿದ್ದಿ," ಅಂದ.