ಯಶಸ್ವಿಗೆ ಮುಲಾಮು ಹಚ್ಚುವ ಕ್ರಮ

ಪಂಜ
ಏಪ್ರಿಲ್ ೧೮, ಶುಕ್ರವಾರ

ಪ್ರೀತಿಯ ಮೋಕ್ಷಿತಾ,

ನಿನ್ನ ಮಾವ ಬೋಜಪ್ಪ ಬರೆಯುವುದು. ಕಾಲು ಹೇಗಿದೆ? ಪೊಲೀಸ್ ಪರೇಡಿನ ಬೂಟು ತಾಗಿ ಹಿಮ್ಮಡಿಯಲ್ಲಿ ಗುಳ್ಳೆ ಎದ್ದಿದೆ ಎಂದು ಮಗ ಲತೀಶ ಹೇಳಿದ. ಅದನ್ನು ಒಡೆಯಬೇಡ, ದಪ್ಪ ಕಾಲುಚೀಲ ಹಾಕು. ಹೊಟ್ಟೆ ತುಂಬ ಊಟ ಕೊಡುತ್ತಾರಷ್ಟೆ? ಮೈಸೂರಿನ ಸಾರಿನಲ್ಲಿ ಬೆಲ್ಲ ಜಾಸ್ತಿ ಎಂದು ಯಾರೋ ಹೇಳಿದ್ದರು, ನಿನಗೆ ಹಿಡಿಸದೆ ಇರಬಹುದು. ಇಲ್ಲಿ ನಾವೆಲ್ಲ ಸೌಖ್ಯ. ಇದು ಬಾಯಿಮಾತಲ್ಲ. ಮಗು ಯಶಸ್ವಿ ನಿಜಕ್ಕೂ ಸೌಖ್ಯವಾಗಿದ್ದಾಳೆ.

ಮೊನ್ನೆ ಭಾನುವಾರ ಅಲ್ಲಿ ನಿಮಗೆ ಫೋನು ಕೊಟ್ಟಾಗ ನೀನು ಮಾತಾಡಿದ್ದಕ್ಕಿಂತ ಅತ್ತದ್ದೇ ಹೆಚ್ಚು. "ನಾನು ಟ್ರೇನಿಂಗ್ ಬಿಟ್ಟು ಬರ್ತೇನೆ ಮಾವ, ಇದೆಲ್ಲ ನನ್ನಿಂದ್ಲೇ ಆದದ್ದು" ಎಂದೆ. ನಾನು ಉತ್ತರ ಹೇಳುವ ಮೊದಲೇ ಫೋನು ಕಡಿಯಿತು. ಮಗುವನ್ನು ಆಸ್ಪತ್ರೆಗೆ ಸೇರಿಸಿದ ಸುದ್ದಿ ನಿನಗೆ ಅರ್ಧ ಮಾತ್ರ ತಿಳಿದಿದೆ. ಹಾಗಾಗಿ ಆದದ್ದನ್ನು ಆದ ಹಾಗೆ ಬರೆಯುತ್ತೇನೆ. ಓದಿ ಮುಗಿಸಿದ ಮೇಲೆ ಏನು ಮಾಡಬೇಕೆಂದು ನೀನೇ ಯೋಚಿಸು.

ನೀನು ಹೊರಟಾಗ ಪುತ್ತೂರಿನ ಡಾಕ್ಟ್ರಮ್ಮ ಕೊಟ್ಟ ಮುಲಾಮಿನಿಂದ ಮಗುವಿನ ಇಸುಬು ಒಂದು ಹದಕ್ಕೆ ಬಂದಿತ್ತಲ್ಲ, ಅದು ಆಮೇಲೆಯೂ ಹಾಗೆಯೇ ಇತ್ತು. ಅಷ್ಟರಲ್ಲಿ ಕೋಡಿಂಬಾಳದ ಮದುವೆಯಲ್ಲಿ ನಿನ್ನ ಅತ್ತೆಯ ತಂಗಿ ಗೋದಾವರಿ ಸಿಕ್ಕಿದಳು. ಮುಲಾಮಿನ ವಿಷಯ ಕೇಳಿ, "ಅದು ಸ್ಟೀರಾಯ್ಡ್ ಅಕ್ಕ, ಚರ್ಮ ಈರುಳ್ಳಿ ಸಿಪ್ಪೆಯ ಹಾಗೆ ಆಗ್ತದೆ" ಎಂದು ಹೆದರಿಸಿದಳು. ನಿನ್ನ ಅತ್ತೆ ಮನೆಗೆ ಬಂದವಳೇ ಟ್ಯೂಬನ್ನು ಎತ್ತಿಟ್ಟಳು. ನಾನು ಜಗಳ ಮಾಡಿದೆ, ಲತೀಶನೂ ಕಡಬದ ಅಂಗಡಿಯಿಂದ ಬಂದು ಹೇಳಿದ. "ಇವನನ್ನು ಸಾಕಿದ್ದು ಯಾರು? ಡಾಕ್ಟ್ರಾ?" ಎಂದು ನಿನ್ನ ಅತ್ತೆ ಅವನನ್ನೇ ತೋರಿಸಿ ಕೇಳಿದಳು. ಮಗು ಹಗಲೆಲ್ಲ ಇರುವುದು ಅವಳ ಮಡಿಲಿನಲ್ಲಿ, ನಮ್ಮ ಮಾತು ನಡೆಯಲಿಲ್ಲ. ಸೊಪ್ಪು ಕುದಿಸಿದ ಎಣ್ಣೆ ಹಚ್ಚಿ, ಮೊದಲಿನ ಹಾಗೆ ಹಬೆಯಾಡುವ ನೀರು ಹೊಯ್ದು, ಕಡಲೆಹಿಟ್ಟಿನಲ್ಲಿ ತಿಕ್ಕಿ ಮೀಯಿಸಲು ಶುರುಮಾಡಿದಳು. ಅವಳದ್ದು ದುರ್ಬುದ್ಧಿ ಅಲ್ಲ ಮೋಕ್ಷಿತಾ, ಮಗುವಿನ ಮೇಲಿನ ಪ್ರೀತಿಯೇ. ಆದರೆ ವಾರ ಕಳೆಯುವುದರೊಳಗೆ ಕೆನ್ನೆ, ಮೊಣಕೈ, ಕಾಲಿನ ಮಡಿಕೆಗಳೆಲ್ಲ ಕೆಂಪಾಗಿ ಬಿರಿದು ನೀರು ಸೋರತೊಡಗಿತು. ಮಗು ದಿಂಬಿಗೆ ಮುಖ ಉಜ್ಜಿ ಉಜ್ಜಿ ರಕ್ತ ಬರಿಸಿಕೊಂಡಳು. ಆಮೇಲೆ ಹಳದಿ ಹೊಪ್ಪಳೆ ಕಟ್ಟಿತು, ಜ್ವರ ಬಂತು. ಆ ಬೆಳಿಗ್ಗೆ ನಿನ್ನ ಅತ್ತೆ ತಾನಾಗಿಯೇ "ಪುತ್ತೂರಿಗೆ ಹೋಗುವ" ಎಂದಳು.

ಡಾಕ್ಟ್ರಮ್ಮ ನೋಡಿದ ಕೂಡಲೇ ಮಗುವನ್ನು ಆಸ್ಪತ್ರೆಗೆ ಸೇರಿಸಿಕೊಂಡರು. ಬಿರಿದ ಚರ್ಮದಲ್ಲಿ ಕೀವು ಆಗಿದೆ, ಅದರಿಂದಲೇ ಜ್ವರ ಎಂದರು. ಔಷಧಿ ಹೋದ ಮೇಲೆ ಮರುದಿನ ಜ್ವರ ಇಳಿಯಿತು. ಬೈಗುಳ ತಿನ್ನಬೇಕಾದೀತು ಎಂದು ನಿನ್ನ ಅತ್ತೆ ಸೆರಗು ಹಿಡಿದು ಮೂಲೆಯಲ್ಲಿ ನಿಂತಿದ್ದಳು. ಡಾಕ್ಟ್ರಮ್ಮ ಬೈಯಲಿಲ್ಲ. "ನಿಮ್ಮ ಹೆದರಿಕೆ ಸುಮ್ಮನೆ ಅಲ್ಲ ಅಮ್ಮ. ಬೇಕಾಬಿಟ್ಟಿ ಹಚ್ಚಿದ್ರೆ ತೊಂದ್ರೆ ಉಂಟು. ಹೇಳಿದ ಜಾಗಕ್ಕೆ, ಹೇಳಿದಷ್ಟು ದಿನ ಹಚ್ಚಿದ್ರೆ ಇಲ್ಲ. ಬನ್ನಿ, ನೀವೇ ಹಚ್ಚಿ ನೋಡುವ" ಎಂದು ಮಗುವನ್ನು ಅವಳ ಮಡಿಲಲ್ಲೇ ಮಲಗಿಸಿದರು. ಬೆರಳ ತುದಿಯಲ್ಲಿ ಎಷ್ಟು ತೆಗೆಯಬೇಕು, ಕೆಂಪಾದಲ್ಲಿಗೆ ಮಾತ್ರ ಹೇಗೆ ಸವರಬೇಕು ಎಂದು ತೋರಿಸಿದರು. ಮುಗಿಸಿದ ಮೇಲೆ, "ಇಷ್ಟೇಯಾ?" ಎಂದಳು.

ಈಗ ಮನೆಯಲ್ಲಿ ಅವಳದ್ದೇ ಕಾನೂನು. ಉಗುರುಬೆಚ್ಚಗಿನ ನೀರು, ಅದೂ ಬೇಗ ಮುಗಿಸಬೇಕು. ಕಡಲೆಹಿಟ್ಟು ಇಲ್ಲ. ಬೈರಾಸಿನಲ್ಲಿ ಉಜ್ಜಬಾರದು, ಒತ್ತಿ ಒರಸಬೇಕು. ಮೈ ಇನ್ನೂ ಪಸೆ ಇರುವಾಗಲೇ ಕೆಂಪಾದಲ್ಲಿಗೆ ಮುಲಾಮು, ಆಮೇಲೆ ಮೈಗೆಲ್ಲ ಆ ದೊಡ್ಡ ಡಬ್ಬಿಯ ಬಿಳಿ ಕ್ರೀಮು. ನನ್ನ ಹಳೆಯ ಪಂಚೆಗಳೆಲ್ಲ ಮಗುವಿನ ಅಂಗಿಯಾಗಿವೆ, ಹೊಸ ಬಟ್ಟೆ ಚುಚ್ಚುತ್ತದಂತೆ. ಉಗುರು ಕತ್ತರಿಸುವುದು ನನ್ನ ಪಾಲಿಗೆ ಬಂದಿದೆ. ನಿದ್ದೆಯಲ್ಲಿರುವಾಗ ಕತ್ತರಿಸುತ್ತೇನೆ, ಇಲ್ಲವಾದರೆ ಒದೆಯುತ್ತಾಳೆ. ಬಿಸು ಹಬ್ಬದ ದಿನ ಗೋದಾವರಿ ಬಂದು ಮಗುವಿನ ಕೆನ್ನೆಗೆ ಸೆಂಟಿನ ಪೌಡರು ಹಾಕಲು ಹೊರಟಾಗ ನಿನ್ನ ಅತ್ತೆ, "ಮುಟ್ಟಬೇಡ ಮಾರಾಯ್ತಿ, ಮೊದಲು ಕೈ ತೊಳ್ಕೊಂಡು ಬಾ" ಎಂದಳು. ನನಗೆ ನಗು ಬಂತು, ನಗಲಿಲ್ಲ.

ಪೂರ್ತಿ ವಾಸಿಯಾಗಿದೆ ಎಂದು ನಾನು ಬರೆಯುವುದಿಲ್ಲ. ಇಸುಬು ಹಾಗೆ ಬಿಟ್ಟು ಹೋಗುವಂಥದ್ದಲ್ಲ, ಬೆವರಿದರೆ ಮತ್ತೆ ಬರುತ್ತದೆ, ಮತ್ತೆ ಹಚ್ಚಬೇಕು, ದೊಡ್ಡವಳಾಗುತ್ತ ಕಡಿಮೆಯಾಗಬಹುದು ಎಂದಿದ್ದಾರೆ ಡಾಕ್ಟ್ರಮ್ಮ. ನಿನ್ನೆಯೂ ಕುತ್ತಿಗೆಯ ಮಡಿಕೆಯಲ್ಲಿ ಸ್ವಲ್ಪ ಕೆಂಪಾಗಿತ್ತು. ಆದರೆ ಈಗ ಅವಳು ನಿದ್ದೆ ಮಾಡುತ್ತಾಳೆ, ಗಂಜಿ ಕೇಳಿ ಉಣ್ಣುತ್ತಾಳೆ, ಗೋಡೆ ಹಿಡಿದು ಜಗಲಿಯ ಈ ಕೊನೆಯಿಂದ ಆ ಕೊನೆಗೆ ನಡೆಯುತ್ತಾಳೆ. ನೀನು ಬಂದರೆ ನಮಗೆಲ್ಲ ಖುಷಿಯೇ. ಆದರೆ ಮಗುವನ್ನು ನೋಡಿಕೊಳ್ಳಲು ಜನ ಇಲ್ಲವೆಂದು ಬರಬೇಕಾಗಿಲ್ಲ. ನಿನ್ನ ಹೆಸರು ಆಯ್ಕೆಪಟ್ಟಿಯಲ್ಲಿ ಬಂದ ದಿನ ನಾನು ಪಂಜ ಪೇಟೆಯಲ್ಲಿ ಪರಿಚಯ ಇಲ್ಲದವರಿಗೂ ಹೇಳಿಕೊಂಡು ತಿರುಗಿದ್ದೇನೆ. ಅದನ್ನೂ ಯೋಚಿಸು.

ಮೈ ಜೋಪಾನ. ನಿನಗೆ ಒಳ್ಳೆಯದಾಗಲಿ, ಖಾಕಿ ಹಾಕಿ ನಮ್ಮ ಜಗಲಿ ಹತ್ತುವ ಹಾಗಾಗಲಿ.

ನಿನ್ನ ಮಾವ
ಬೋಜಪ್ಪ

ಮರೆತಿದ್ದೆ: ಲಕೋಟೆ ಅಂಟಿಸಲು ಹೊರಟಾಗ ನಿನ್ನ ಅತ್ತೆ, "ಆ ವಿಷಯ ಬರೆದ್ರಾ?" ಎಂದು ಕೇಳಿದಳು. ಆಸ್ಪತ್ರೆಯಲ್ಲಿ ಅವಳೇ ಡಾಕ್ಟ್ರಮ್ಮನ ಹತ್ತಿರ, "ಇದು ತಾಯಿಯ ಹಾಲಿನಿಂದ ಬಂದದ್ದಾ?" ಎಂದು ಕೇಳಿದ್ದಳು. ಅಲ್ಲವೇ ಅಲ್ಲ, ಹಾಲು ಕೊಟ್ಟದ್ದು ಒಳ್ಳೆಯದೇ ಆಯಿತು ಎಂದರು. ಮನೆಯಲ್ಲಿ ಯಾರಿಗಾದರೂ ಉಬ್ಬಸ ಉಂಟಾ ಎಂದೂ ಕೇಳಿದರು. ಇಂಥ ಚರ್ಮವೂ ಉಬ್ಬಸವೂ ಕೆಲವು ಕುಟುಂಬಗಳಲ್ಲಿ ಒಟ್ಟಿಗೆ ಬರುತ್ತದಂತೆ. ಚಿಕ್ಕಂದಿನಿಂದ ಉಬ್ಬಸ ಇರುವುದು ನಿನ್ನ ಅತ್ತೆಗೇ. ಹಾಲು ಕೆಡುತ್ತದೆ ಎಂದು ಬಾಣಂತಿ ನಿನಗೆ ಮೀನು, ಮೊಟ್ಟೆ ನಿಲ್ಲಿಸಿ ಬರೀ ಗಂಜಿ ಉಪ್ಪಿನಕಾಯಿಯಲ್ಲಿ ಇಟ್ಟವಳೂ ಅವಳೇ. ಫೋನಿನಲ್ಲಿ ಹೇಳಲು ಅವಳಿಗೆ ಬಾಯಿ ಬರುವುದಿಲ್ಲ. ಮುಂದಿನ ತಿಂಗಳು ನೀನು ರಜೆಯಲ್ಲಿ ಬರುವಾಗ ದೊಡ್ಡ ಬಂಗುಡೆಯೇ ಬೇಕು ಎಂದು ಮೀನಿನ ಸುಲೈಮಾನನಿಗೆ ಈಗಲೇ ಹೇಳಿಟ್ಟಿದ್ದಾಳೆ.